ಕ್ರಾಸಿಂಗ್‌ನಲ್ಲಿ ನಿಂತ ಗಾಡಿ

ಮಾವನ ಆಟಿಕೆ ರೈಲು ಮಹಡಿಯ ಕೋಣೆ ತುಂಬುವಷ್ಟು ದೊಡ್ಡ ಹಲಗೆಯ ಮೇಲೆ ಓಡುತ್ತದೆ. ಇರುವುದು ಒಂದೇ ಹಳಿ. ಎದುರುಬದುರು ಗಾಡಿಗಳು ದಾಟಿಕೊಳ್ಳಲು ನಡುದಾರಿಯಲ್ಲೊಂದು ಕ್ರಾಸಿಂಗ್. ಸುರಂಗ ಹೊಕ್ಕ ಗಾಡಿ ಹಲಗೆಯ ಕೆಳಗಿನ ಕತ್ತಲೆಯಲ್ಲಿ, ಗಾಡಿಗಳು ತಂಗುವ ಯಾರ್ಡಿಗೆ ಇಳಿಯುತ್ತದೆ. ಅದಕ್ಕೆ ಮಾವ ಇಟ್ಟ ಹೆಸರು ‘ಹೊರಲೋಕ’. ಯಾವ ಗಾಡಿ ಎಲ್ಲಿದೆ, ಎಲ್ಲಿಗೆ ಹೋಗಬೇಕು ಎಂದು ಹೇಳುವ ಡೇಟಾಬೇಸ್ ಮಾಡಿಕೊಡೆಂದು ನನಗೆ ಗಂಟುಬಿದ್ದರು. ಆಫೀಸಿನಲ್ಲಿ ಮಾಡಿದ್ದು ಸಾಲದೆಂದು ಮನೆಯಲ್ಲೂ ಅದೇ ಕರ್ಮ ಎಂದು ಗೊಣಗುತ್ತಲೇ ಮಾಡಿದೆ.

ಪ್ರಯಾಣಿಕರ ಪುಟ್ಟ ಗೊಂಬೆಗಳಿಗೆ ಅವರು ಮನೆಯವರದೇ ರೂಪ ಕೊಟ್ಟಿದ್ದರು: ನನಗೆ ಕನ್ನಡಕ, ಅತ್ತೆಗೆ ಹಳದಿ ಶಾಲು. ಆ ಗೊಂಬೆಗಳನ್ನೂ ಡೇಟಾಬೇಸಿಗೆ ಸೇರಿಸಿದೆ. ನಿಯಮ ನನ್ನದೇ: ಯಾರೂ ಎಲ್ಲೂ ಇಲ್ಲದೆ ಇರುವಂತಿಲ್ಲ, ಜಾಗ ತುಂಬಲೇಬೇಕು. ಯಾರ್ಡು ಇಕ್ಕಟ್ಟು, ಹಾಗಾಗಿ ಅಲ್ಲಿಂದ ಒಬ್ಬರು ಬಂದರೆ ಇಲ್ಲಿಂದ ಒಬ್ಬರು ಹೋಗಬೇಕು. ಹೋದ ವರ್ಷ ತೀರಿಕೊಂಡ ಅತ್ತೆಯ ದಾಖಲೆ ಅಳಿಸಲು ಮನಸ್ಸು ಬರಲಿಲ್ಲ. ಜಾಗ ಎಂಬಲ್ಲಿ ‘ಹೊರಲೋಕ’ ಎಂದು ತುಂಬಿದೆ.

ಮೊದಲ ಭಾನುವಾರ ಪ್ರಿಂಟರ್ ಉಗುಳಿದ, ಆ ದಿನ ಯಾರು ಎಲ್ಲಿಗೆ ಎಂಬ ಚೀಟಿ, ದೂರದೂರಿನಲ್ಲಿದ್ದ ಮೈದುನನ ಗೊಂಬೆಯನ್ನು ಹೊರಲೋಕದಿಂದ ಕರೆಸಿ ನಮ್ಮ ಮನೆಯ ನಾಯಿಯ ಗೊಂಬೆಯನ್ನು ಅಲ್ಲಿಗೆ ಕಳಿಸಿತು. ಸಂಜೆ ನೋಡಿದರೆ ಮೈದುನ ಹೇಳದೆ ಕೇಳದೆ ಬಾಗಿಲಲ್ಲಿ ನಿಂತಿದ್ದ. ನಾಯಿ ಮಾತ್ರ ಮನೆಗೆ ಬರಲೇ ಇಲ್ಲ. ಎಲ್ಲೋ ಅಲೆಯಲು ಹೋಗಿರಬೇಕು ಎಂದುಕೊಂಡೆವು.

ಮುಂದಿನ ಭಾನುವಾರದ ಚೀಟಿ: ಬರುವವರು ಅತ್ತೆ, ಹೋಗುವವರು ಮಾವ.

ಮೈದುನ ಬಂದದ್ದೂ ನಾಯಿ ಮಾಯವಾದದ್ದೂ ಹೇಗೆಂದು ಆಗ ಹೊಳೆಯಿತು. ಮಹಡಿಗೆ ಓಡಿದೆ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಸ್ವಿಚ್ಚಿನ ಮೇಲೆ ಕೈಯಿಟ್ಟು ಕುಳಿತಿದ್ದರು. ಗಾಡಿಗಳು ಹೊರಟಾಗಿತ್ತು.

“ನಿಲ್ಲಿಸಿ ಮಾವ! ನೀವು ಹೋದ್ಮೇಲೆ ಅತ್ತೆ ಬಂದು ಯಾರ ಮುಖ ನೋಡ್ಬೇಕು?”

“ಒಂದೇ ಹಳಿ ಕಣಮ್ಮ. ಕ್ರಾಸಿಂಗ್‌ನಲ್ಲಿ ನನ್ನ ಗಾಡಿ ನಿಲ್ಲುತ್ತೆ, ಅವಳ ಗಾಡಿ ಪಕ್ಕದಲ್ಲೇ ಹಾದುಹೋಗುತ್ತೆ. ಕಿಟಕಿಯಿಂದ ಒಂದ್ಸಲ ನೋಡಿಬಿಡ್ತೀನಿ. ಸಾಕು ನನಗೆ.”

ಹಲಗೆಯ ಕೆಳಗೆ ನಾಯಿ ಬೊಗಳಿತು. ನಮ್ಮದೇ ನಾಯಿ, ಅತ್ತೆ ಚಪ್ಪಲಿ ಮೆಟ್ಟಿದಾಗಲೆಲ್ಲ ಹೀಗೇ ಬೊಗಳುತ್ತಿತ್ತು. ಸುರಂಗದ ಬಾಯಲ್ಲಿ ಬೆಳಕು ಕಂಡಿತು, ಅದರ ಹಿಂದೆ ಕಿಟಕಿಯಲ್ಲಿ ಹಳದಿ ಬಣ್ಣ. ಅತ್ತೆಯೆಂದರೆ ನನಗೂ ಜೀವವೇ. ಆದರೆ ಕಣ್ಣೆದುರು ಉಸಿರಾಡುತ್ತಿದ್ದವರು ಮಾವ. ಅಲ್ಲೇ ಇದ್ದ ಕಂಪ್ಯೂಟರಿನ ಮುಂದೆ ಕುಳಿತು ಅತ್ತೆಯ ದಾಖಲೆ ಅಳಿಸಿದೆ.

ಬೆಳಕು ಆರಿತು. ಬೊಗಳುವುದು ನಿಂತಿತು. ಸುರಂಗದಲ್ಲಿ ಏನೂ ಇರಲಿಲ್ಲ.

ಮಾವನ ಗೊಂಬೆಯಿದ್ದ ಗಾಡಿ ಕ್ರಾಸಿಂಗ್‌ಗೆ ಬಂದು ನಿಂತಿತು. ಎದುರಿನ ಗಾಡಿ ದಾಟದೆ ಅದು ಮುಂದೆ ಹೋಗುವಂತಿಲ್ಲ. ಒಂಟಿ ಹಳಿಯ ಆ ನಿಯಮವನ್ನೂ ನಾನೇ ಬರೆದಿದ್ದೆ. ಬದುಕಿದೆಯಾ ಬಡಜೀವವೇ ಎಂದು ನಿಟ್ಟುಸಿರು ಬಿಟ್ಟೆ.

ಆಮೇಲೆ ಮಾವ ಆ ಕುರ್ಚಿ ಬಿಟ್ಟು ಏಳುವುದೇ ಅಪರೂಪ. ಅದೇ ಅಂಗಿ, ಸುರಂಗದ ಮೇಲೆ ನೆಟ್ಟ ಅದೇ ಕಣ್ಣು. ನಾನು ಮಾಡಿದ್ದನ್ನು ಹೇಳಲು ನನಗೆ ಬಾಯಿಲ್ಲ. ಊಟಕ್ಕೆ ಕರೆದರೆ ತಿರುಗದೆಯೇ ಹೇಳುತ್ತಾರೆ:

“ನೀನು ಊಟ ಮಾಡಮ್ಮ. ಅವಳ ಗಾಡಿ ಸ್ವಲ್ಪ ಲೇಟು, ಅಷ್ಟೆ.”