ನಿಂಬೆ ಗಿಡದ ಗೋಡೆ ಕಡೆ

ಕನ್ನಡಕದಂಗಡಿಯಲ್ಲಿ, ಎದುರಿನ ಬೋರ್ಡಿನ ಕೊನೆಯ ಸಾಲನ್ನು ಗಿರಾಕಿ ಓದುತ್ತಿರಲಿಲ್ಲ, ಊಹಿಸುತ್ತಿದ್ದ. ಅವನ ಮೂಗಿನ ಮೇಲಿದ್ದ ಪರೀಕ್ಷೆಯ ಕನ್ನಡಕದಿಂದ ಅವಳು ಒಂದು ಗಾಜು ತೆಗೆದು ಇನ್ನೊಂದು ಹಾಕಿ, ಮೊದಲಿನದು ಚೆನ್ನಾಗಿತ್ತೋ ಇದೋ ಎಂದು ಕೇಳಿದಳು. ಎರಡೂ ಒಂದೇ ಥರ ಇದೆಯಮ್ಮ ಎಂದ ಅವನು. ಆಗಲೇ ಮೇಜಿನ ಮೇಲಿದ್ದ ಅವಳ ಫೋನಿನಲ್ಲಿ ಬೆಳಕು ಹತ್ತಿತು. ಕೈಯಲ್ಲಿ ಗಾಜು ಹಿಡಿದೇ ಅವಳು ಓರೆಗಣ್ಣಿನಲ್ಲಿ ಓದಿದಳು.

"ಗೋಡೆ ಕಡೆ ಅಗೆಯಬೇಡಿ, ದಯವಿಟ್ಟು. ಬೇರೆ ಎಲ್ಲಿ ಬೇಕಾದರೂ ಮಾಡಿ."

ಬೆಳಿಗ್ಗೆ ಅವಳು ಫೋನಿನ ಗುಂಪೊಂದಕ್ಕೆ ಹಾಕಿದ್ದ ಫೋಟೊ ತನ್ನ ಹಿತ್ತಲಿನ ನಿಂಬೆ ಗಿಡದ್ದು. ಎಲೆಗಳ ನಡುವೆ ಹಳದಿ ತಿರುಗುತ್ತಿದ್ದ ಕಾಯಿಗಳು, ಅಂಚಿನಲ್ಲಿ ಒಂದು ಜೇಡರ ಬಲೆ. ಈ ಭಾನುವಾರ ನಿಂಬೆಯ ಪಕ್ಕ ಅಗೆದು ಟೊಮೇಟೊ ಹಾಕಬೇಕೆಂದಿದ್ದೇನೆ ಎಂದು ಕೆಳಗೆ ಬರೆದಿದ್ದಳು. ಗೋಡೆಯ ಮಾತೇ ಎತ್ತಿರಲಿಲ್ಲ. ಆ ಗೋಡೆ ಯಾವ ಫೋಟೊದಲ್ಲೂ ಬಿದ್ದಿರಲಿಲ್ಲ, ಅದು ಅವಳಿಗೆ ಖಾತ್ರಿಯಿತ್ತು. ಸುಣ್ಣ ಉದುರಿ, ಪಕ್ಕದ ಮನೆಯ ಬಚ್ಚಲಿನ ಕೊಳವೆಗಳು ಹರಿದಾಡುತ್ತಿದ್ದ ಆ ಗೋಡೆ ಕಾಣದಂತೆ ಫೋನನ್ನು ಓರೆ ಹಿಡಿಯುವುದು ಅವಳಿಗೆ ರೂಢಿಯೇ ಆಗಿತ್ತು.

ಹಾಗಾದರೆ ಅಲ್ಲೊಂದು ಗೋಡೆ ಇದೆ ಎಂದು ಇವರಿಗೆ ಹೇಗೆ ಗೊತ್ತು?

ಗಿರಾಕಿ ಗಂಟಲು ಸರಿಮಾಡಿಕೊಂಡ. ಅವಳು ಅದೇ ಗಾಜನ್ನು ಎರಡನೇ ಸಲ ಹಾಕಿದಳು. ಈಗ ಚೆನ್ನಾಗಿದೆ ಎಂದ ಅವನು.

ಆ ಗುಂಪಿನ ಹೆಸರು 'ಬೆಳಗಿನ ಗಿಡ'. ಬೇರೆ ಬೇರೆ ಊರುಗಳ ಜನ ದಿನಕ್ಕೊಂದರಂತೆ ತಮ್ಮ ಅಂಗಳದ, ಕಿಟಕಿಯ, ನಡೆದುಹೋದ ದಾರಿಯ ಚಿತ್ರ ಹಾಕುತ್ತಿದ್ದರು. ಯಾರಿಗೂ ಯಾರ ಮುಖವೂ ಗೊತ್ತಿರಲಿಲ್ಲ. ಅವಳ ಹೆಸರು ಅಲ್ಲಿ 'ಹಿತ್ತಲು'. ದಿನವಿಡೀ ಬೇರೆಯವರ ಕಣ್ಣು ಪರೀಕ್ಷಿಸಿ ಮನೆಗೆ ಬರುವವಳಿಗೆ, ತಾನು ಕಂಡದ್ದನ್ನು ನೂರಾರು ಜನ ನೋಡಿ 'ಆಹಾ' ಎನ್ನುವುದು ಹಿತವಾಗಿತ್ತು. ಗಂಡ ಅದನ್ನು ಹಿತ್ತಲಿನ ಹುಚ್ಚು ಎಂದು ಕರೆಯುತ್ತಿದ್ದ. ಅತ್ತೆ ಮಾತ್ರ ಬೆಳಿಗ್ಗೆ ಕನ್ನಡಕ ಏರಿಸಿಕೊಂಡು, ಇವತ್ತು ಎಷ್ಟು ಜನ ಹೊಗಳಿದರು ಎಂದು ತಪ್ಪದೆ ಕೇಳುವರು.

ಗೋಡೆ ಕಡೆ ಅಗೆಯಬೇಡಿ ಎಂದು ಬರೆದವರ ಹೆಸರು 'ಇರುವೆ'. ಇರುವೆ ತಾನೊಂದು ಫೋಟೊ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಬೇರೆ ಯಾರ ಚಿತ್ರಕ್ಕೂ ಮಾತು ಬರೆದದ್ದಿಲ್ಲ. ಬರೆಯುವುದೆಲ್ಲ ಇವಳೊಬ್ಬಳ ಚಿತ್ರಕ್ಕೇ. ಇಷ್ಟು ದಿನ ಅದು ಅವಳಿಗೆ ಹೆಮ್ಮೆಯ ವಿಷಯವಾಗಿತ್ತು.

ಸಂಜೆ ವಿಷಯ ಹೇಳಿದಾಗ ಗಂಡ ಶೂ ಬಿಚ್ಚುವುದನ್ನೂ ಮರೆತು ಕೂತ. ಅವನದು ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸ. ಸುಟ್ಟ ಅಂಗಡಿ ತಾನಾಗಿ ಸುಟ್ಟಿತೋ ಸುಡಲಾಯಿತೋ, ಮುರಿದ ಕಾಲು ಯಾವಾಗ ಮುರಿದದ್ದು ಎಂದು ಪತ್ತೆ ಮಾಡುವವನು. ಅನುಮಾನವೇ ಅವನ ಅನ್ನ. ಫೋನು ಇಸಿದುಕೊಂಡು ಇರುವೆಯ ಹಳೆಯ ಮಾತುಗಳನ್ನೆಲ್ಲ ಹುಡುಕಿ ತೆಗೆದ. ಮಲ್ಲಿಗೆಯ ಚಿತ್ರದ ಕೆಳಗೆ, 'ಮಧ್ಯಾಹ್ನದ ಮೇಲೆ ಅಲ್ಲಿ ಬಿಸಿಲು ಬೀಳಲ್ಲ ಅಲ್ವಾ' ಎಂದಿತ್ತು. ಅಂಜೂರದ ಕೆಳಗೆ, 'ಮೆಟ್ಟಿಲ ಹತ್ತಿರದ್ದೇ ತಾನೇ? ಚೆನ್ನಾಗಿ ಬಂದಿದೆ.' ಅವಳು ಓದಿ ಖುಷಿಪಟ್ಟು ಮರೆತಿದ್ದ ಸಾಲುಗಳು. ಈಗ ಒಂದರ ಪಕ್ಕ ಒಂದು ಇಟ್ಟಾಗ ಯಾರೋ ಬಾಗಿಲ ಸಂದಿಯಿಂದ ಇಣುಕುತ್ತಿದ್ದಂತೆ ಕಂಡವು.

"ಈ ಮನೆ ಒಳಗೆ ಓಡಾಡಿದೋರೇ ಇವರು," ಎಂದ ಗಂಡ. "ಅಲ್ಲಿ ಅಗೀಬೇಡಿ ಅಂದ್ರೆ ಅಲ್ಲೇನೋ ಇದೆ ಅಂತಲೇ ಅರ್ಥ."

ಮನೆ ಕೊಂಡು ಎರಡು ವರ್ಷವಾಗಿತ್ತು. ಮಾರಿದವನು ಒಬ್ಬಂಟಿ ಗಂಡಸು, ಮಿತಭಾಷಿ, ಮನೆ ಅವನೊಬ್ಬನ ಹೆಸರಿನಲ್ಲೇ ಇತ್ತು. ಹಿತ್ತಲು ಇಷ್ಟು ಚೆನ್ನಾಗಿದೆಯಲ್ಲ, ಯಾರು ಮಾಡಿದ್ದು ಎಂದು ಇವಳು ಅಂದು ಕೇಳಿದ್ದಳು. ಹೆಂಡತಿ ಎಂದಿದ್ದ. ಆಮೇಲೆ, "ಅವಳು ಈಗಿಲ್ಲ" ಎಂದು ಬೇರೆಡೆ ನೋಡಿದ್ದ. ಪಾಪ ಅನ್ನಿಸಿ ಇವರು ಮುಂದೆ ಕೇಳಿರಲಿಲ್ಲ. ಈಗ ಗಂಡನಿಗೆ ಆ ಪಾಪದವನ ಮೇಲೆಯೇ ಗುಮಾನಿ. ಹೆಂಡತಿ ಹೇಗೆ ಸತ್ತಳು? ಅಷ್ಟು ಅವಸರದಲ್ಲಿ ಮನೆ ಯಾಕೆ ಮಾರಿದ? ಅವನು ಬಾಯಿಬಿಟ್ಟು ಹೇಳದಿದ್ದರೂ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ತಿಳಿಯಿತು. ನಿಂಬೆ ಪಾನಕದ ಲೋಟ ಕೆಳಗಿಟ್ಟಳು.

ಅತ್ತೆ ತರಕಾರಿ ಹೆಚ್ಚುತ್ತಲೇ ಮಗನಿಗೆ ಹೇಳಿದರು, "ಕಾಮಾಲೆ ಕಣ್ಣಿಗೆ ಕಾಣೋದೆಲ್ಲಾ ಹಳದಿ ಕಣಪ್ಪ. ಯಾರು ಅಂತ ಅವರನ್ನೇ ಕೇಳಿದ್ರಾಯ್ತು."

ಅವಳು ಕೇಳಿದಳು. ನೀವು ಯಾರು, ನಮ್ಮ ಮನೆ ನಿಮಗೆ ಹೇಗೆ ಗೊತ್ತು ಎಂದು ಇರುವೆಗೆ ಪ್ರತ್ಯೇಕವಾಗಿ ಬರೆದಳು. ಓದಿದ ಗುರುತು ತಕ್ಷಣ ಬಂತು, ಉತ್ತರ ಬರಲಿಲ್ಲ. ಮರುದಿನ ಅಂಗಡಿಯಲ್ಲಿರುವಾಗ ಒಂದೇ ಸಾಲು ಬಂತು: 'ಗಿಡ ನೋಡೋಳು, ಅಷ್ಟೇ.' ನೋಡೋಳು ಎಂದಿದ್ದರಿಂದ ಹೆಂಗಸು ಎಂದಾಯಿತು. ಹಾಗೆ ಬರೆದ ಮಾತ್ರಕ್ಕೆ ಹೆಂಗಸೇ ಎಂದು ನಂಬಬೇಕಾ ಎಂದ ಗಂಡ.

ಭಾನುವಾರ ಬೆಳಿಗ್ಗೆ ಅವನು ಪಕ್ಕದ ಮನೆಯಿಂದ ಗುದ್ದಲಿ ತಂದ. ಟೊಮೇಟೊ ಹಾಕುವುದಕ್ಕೆ ಎಂದು ಕೊಟ್ಟವರಿಗೆ ಹೇಳಿದನಂತೆ. ಅತ್ತೆ ಮೆಟ್ಟಿಲ ಮೇಲೆ ಕೂತು, ಚಿನ್ನ ಸಿಕ್ಕಿದರೆ ತನಗೆರಡು ಬಳೆ ಎಂದರು. ಗೋಡೆಗೂ ಗಿಡಕ್ಕೂ ನಡುವೆ ಮಣ್ಣು ಮೆತ್ತಗೆ, ತೇವವಾಗಿ, ಕಪ್ಪಗಿತ್ತು. ಮಳೆ ಬಿದ್ದು ತಿಂಗಳುಗಳಾಗಿದ್ದವು; ಇಲ್ಲಿ ಮಾತ್ರ ತೇವ ಎಲ್ಲಿಂದ ಬಂತು ಎಂದು ಅವನು ಹೆಂಡತಿಯ ಮುಖ ನೋಡಿದ. ಮೊಣಕಾಲುದ್ದ ಇಳಿದಾಗ ಗುದ್ದಲಿ ಯಾವುದಕ್ಕೋ ತಾಗಿ 'ಠಕ್' ಎಂದಿತು. ಅವಳು ಹಿಂದೆ ಸರಿದಳು. ಅವನು ಇನ್ನೊಂದು ಏಟು ಹಾಕಿದ.

ಅದೊಂದು ಮಣ್ಣಿನ ಮಡಕೆ. ಬಾಯಿಗೆ ಕಲ್ಲು ಮುಚ್ಚಿತ್ತು. ಒಡೆದ ಹೊಟ್ಟೆಯಿಂದ ನೀರು ಸೋರಿ ಗುಂಡಿ ತುಂಬಿತು. ಗಂಡ ಅಂಗಿಯ ತೋಳು ಮಡಚಿ ಒಳಗೆ ಕೈ ಹಾಕಿ ತಡಕಿದ, ಕೆಸರನ್ನು ಬೆರಳ ಸಂದಿಯಲ್ಲಿ ಹಿಚುಕಿ ನೋಡಿದ. ಏನೂ ಇರಲಿಲ್ಲ. ಮಡಕೆಯ ಸುತ್ತ, ಹಸುಗೂಸಿನ ಕೂದಲಿನಂತೆ, ನಿಂಬೆಯ ಸಣ್ಣ ಬೇರುಗಳು ದಟ್ಟವಾಗಿ ಹಬ್ಬಿ ಅಪ್ಪಿಕೊಂಡಿದ್ದವು. ಅವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಕೆಳಗೆ ಇನ್ನೇನಾದರೂ ಇರಬಹುದೆಂದು ಬೇರು ಕಡಿದುಕೊಂಡೇ ಆಳಕ್ಕೆ ಇಳಿದ. ಕೊನೆಗೆ ಗೋಡೆಯ ಬುಡದಲ್ಲಿ ಬೆರಳು ಗಾತ್ರದ ಕೊಳವೆಯೊಂದು ಸಿಕ್ಕಿತು. ಮನೆಯ ಮೇಲಿನ ತೊಟ್ಟಿ ತುಂಬಿ ಚೆಲ್ಲುವ ನೀರನ್ನು ಯಾರೋ ಸದ್ದಿಲ್ಲದೆ ಆ ಮಡಕೆಗೆ ತಿರುಗಿಸಿದ್ದರು. ಎರಡು ವರ್ಷ ಇವರ ಅರಿವಿಲ್ಲದೆಯೇ ನಿಂಬೆ, ಮಡಕೆಯಿಂದ ಒಸರಿದ ಆ ನೀರು ಕುಡಿದಿತ್ತು.

"ಬೆಟ್ಟ ಅಗೆದು ಇಲಿ ಹಿಡಿದ್ಹಾಗಾಯ್ತು," ಎಂದರು ಅತ್ತೆ.

ಮೀಸೆ ಮಣ್ಣಾಗಲಿಲ್ಲ ಎನ್ನುವ ಜಟ್ಟಿಯಂತೆ ಗಂಡ ಅದನ್ನೂ ಬಿಡಲಿಲ್ಲ. ಮಡಕೆ ಇದೆ ಅಂತ ನೆಟ್ಟಗೆ ಹೇಳಬಹುದಿತ್ತಲ್ಲ, ಒಗಟು ಯಾಕೆ ಹೇಳಬೇಕಿತ್ತು ಎಂದು ಗೊಣಗುತ್ತ ಗುಂಡಿ ಮುಚ್ಚಿದ.

ವಾರ ಕಳೆಯುವುದರೊಳಗೆ ನಿಂಬೆಯ ಎಲೆಗಳು ಮುದುಡಿದವು. ಆಮೇಲೆ ಹಳದಿಯಾಗಿ, ಮುಟ್ಟಿದರೆ ಉದುರತೊಡಗಿದವು. ಅವಳು ಕೊಡಗಟ್ಟಲೆ ನೀರು ಹಾಕಿದಳು. ಗುಂಪಿನಲ್ಲಿ ಜನ ಟೊಮೇಟೊ ಏನಾಯಿತು, ನಿಂಬೆ ಹೇಗಿದೆ ಎಂದು ಕೇಳುತ್ತಿದ್ದರು. ಅವಳ ಫೋನಿನಲ್ಲಿ ಹಿಂದೆ ತೆಗೆದಿದ್ದ, ಎಲ್ಲೂ ಹಾಕಿರದ ಫೋಟೊಗಳು ಬೇಕಾದಷ್ಟಿದ್ದವು. ಒಂದನ್ನು ಹಾಕಿ 'ಇಂದು ಬೆಳಿಗ್ಗೆ' ಎಂದು ಬರೆದಳು. ಹೊಗಳಿಕೆ ಬಂತು. ಮರುದಿನ ಇನ್ನೊಂದು ಹಾಕಿದಳು. ಹಾಕಿದ ಮೇಲೆ ಹಿತ್ತಲ ಬಾಗಿಲು ಮುಂದೆ ಮಾಡಿಕೊಂಡು ಕೆಲಸಕ್ಕೆ ಹೊರಡುವುದು ಅಭ್ಯಾಸವಾಯಿತು. ಅತ್ತೆ ಈಗ ಎಷ್ಟು ಜನ ಹೊಗಳಿದರು ಎಂದು ಕೇಳುತ್ತಿರಲಿಲ್ಲ.

ಇರುವೆ ಕೆಲವು ದಿನ ಸುಮ್ಮನಿತ್ತು. ಆಮೇಲೆ ಎಲ್ಲರೂ ಓದುವಂತೆ ಬರೆಯಿತು: 'ಕಪ್ಪು ಮಚ್ಚೆಯ ಆ ಹಣ್ಣು ಹೋದ ತಿಂಗಳ ಫೋಟೊದಲ್ಲೂ ಹೀಗೇ ಇತ್ತು. ಇದು ಇವತ್ತಿನದಲ್ಲ. ಗಿಡಕ್ಕೆ ಏನಾಯಿತು?'

ಅವಳ ಕಿವಿ ಬಿಸಿಯಾಯಿತು. ಕೆಳಗೆ ಯಾರೋ 'ಹೌದಲ್ಲ' ಎಂದರು. ಇನ್ನೊಬ್ಬರು ನಗುವ ಚಿತ್ರ ಅಂಟಿಸಿದರು. ಇವತ್ತೇ ತೆಗೆದದ್ದು ಎಂದು ಅವಳು ಬರೆದಳು. ಬರೆದ ಮೇಲೆ ಸುಳ್ಳಿಗೆ ಕಾವಲು ಬೇಕಾಯಿತು. ಗುಂಪಿನ ಅಡ್ಮಿನ್‌ಗೆ ಬೇರೆಯಾಗಿ ಸಂದೇಶ ಕಳಿಸಿದಳು: ಈ ಇರುವೆ ಎನ್ನುವವರು ತನ್ನ ಬೆನ್ನು ಹತ್ತಿದ್ದಾರೆ, ಮನೆಯ ಮೂಲೆ ಮೂಲೆಯೂ ಅವರಿಗೆ ಗೊತ್ತಿದೆ, ಯಾರೆಂದು ಕೇಳಿದರೆ ಹೇಳುವುದಿಲ್ಲ, ತನಗೆ ಭಯವಾಗುತ್ತಿದೆ. ಬರೆದದ್ದನ್ನು ಮತ್ತೆ ಓದಿದಾಗ ಪ್ರತಿಯೊಂದು ಮಾತೂ ನಿಜವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಡ್ಮಿನ್ ಇರುವೆಯನ್ನು ಗುಂಪಿನಿಂದ ತೆಗೆದುಹಾಕಿದರು. ಒಳ್ಳೇದಾಯ್ತು ಎಂದ ಗಂಡ. ಅವಳೂ ಹಾಗೆಂದುಕೊಂಡಳು. ಆದರೂ ಮರುದಿನದಿಂದ ಫೋಟೊ ಹಾಕುವಾಗ, ಯಾರಿಗೆ ಹಾಕುತ್ತಿದ್ದೇನೆ ಎಂದು ತಿಳಿಯದೆ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು.

ಅದಾದ ಮುಂದಿನ ರಜೆಯ ದಿನ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಗೇಟಿನ ಆಚೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತು ದಾಟಿರಬೇಕು. ತಿಳಿ ನೀಲಿ ಸಮವಸ್ತ್ರದ ಮೇಲೆ ಮಾಸಿದ ಸ್ವೆಟರು, ಕೈಯಲ್ಲಿ ಬಟ್ಟೆಯ ಚೀಲ. ನೀರಿನಲ್ಲಿ ನೆನೆದು ನೆನೆದು ಬಿಳಿಚಿದ ಬೆರಳುಗಳು. ಗಂಡ ಗೇಟಿನವರೆಗೆ ಹೋದ, ತೆರೆಯಲಿಲ್ಲ. ಇವಳು ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡಳು. ಯಾರು, ಎಲ್ಲಿಂದ, ಯಾಕೆ ಎಂದು ಅವನು ಸುಟ್ಟ ಅಂಗಡಿಯ ಮಾಲೀಕನನ್ನು ಕೇಳುವ ದನಿಯಲ್ಲೇ ಕೇಳಿದ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಎಂದಳು ಆಕೆ. ಹಿಂದೆ ಈ ಮನೆಯಲ್ಲಿದ್ದೆ ಎಂದಳು.

"ನಿಮ್ಮ ಯಜಮಾನರು ನೀವಿಲ್ಲ ಅಂತ ಹೇಳಿದ್ರು," ಎಂದ ಗಂಡ.

"ಇಲ್ಲಿಲ್ಲ ಅಂದಿರ್ತಾರೆ. ಎಲ್ಲಿದ್ದಾಳೆ ಅಂತ ನೀವು ಕೇಳಿರಲ್ಲ."

ಅವನು ತಬ್ಬಿಬ್ಬಾದದ್ದು ಒಂದು ಗಳಿಗೆ ಮಾತ್ರ. ಬದುಕಿರುವ ಹೆಂಡತಿ ಎಂದರೆ ಅವನಿಗೆ ಮೊದಲು ಹೊಳೆದದ್ದು ಕೋರ್ಟು. ಮಾರಾಟ ನಿಮಗೆ ಗೊತ್ತಿತ್ತಾ, ಒಪ್ಪಿದ್ದಿರಾ, ಈಗ ಏನಾದರೂ ಕೇಳುವುದಕ್ಕೆ ಬಂದಿದ್ದೀರಾ ಎಂದು ಒಂದರ ಹಿಂದೊಂದು ಪ್ರಶ್ನೆ ಹಾಕಿದ. ಮನೆ ಮಾರಿದ್ದು ತಾನು ಬಿಟ್ಟುಹೋದ ಮೇಲೆ ತಿಳಿದದ್ದು, ಅದರ ಜಗಳ ತನಗೂ ತನ್ನ ಗಂಡನಿಗೂ, ನಿಮ್ಮ ಹತ್ತಿರ ಕೇಳುವಂಥದ್ದೇನಿಲ್ಲ ಎಂದಳು ಆಕೆ. ಈಗಿರುವ ಬಾಡಿಗೆ ಕೋಣೆಗೆ ಕಿಟಕಿ ಇದೆ, ಎದುರಿಗೆ ಗೋಡೆ. ಜೊತೆಗೆ ಕೆಲಸ ಮಾಡುವವಳೊಬ್ಬಳು ಆ ಗುಂಪು ತೋರಿಸಿದಳಂತೆ. ಅದರಲ್ಲಿ ಒಂದು ದಿನ ತನ್ನ ಅಂಜೂರ ಕಂಡಿತಂತೆ.

"ದಿನಾ ನೋಡ್ತಿದ್ದೆ. ಈಗ ಅದೂ ಇಲ್ಲ. ಗಿಡಕ್ಕೇನಾಯ್ತು ಅಂತ ಒಂದ್ಸಲ ನೋಡ್ಕೊಂಡು ಹೋಗ್ತೀನಿ."

ಇವತ್ತಾಗುವುದಿಲ್ಲ ಎಂದ ಗಂಡ. ನಾಳೆ ಕೋರ್ಟಿನಲ್ಲಿ 'ನನ್ನ ಹಕ್ಕು ಒಪ್ಪಿಯೇ ಮನೆಯೊಳಗೆ ಬಿಟ್ಟುಕೊಂಡರು' ಎಂದರೆ ಏನು ಮಾಡುವುದು ಎಂಬ ಲೆಕ್ಕ ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ಕಿಟಕಿಯ ಹಿಂದೆ ಅವಳಿಗೆ ಬೇರೆ ಲೆಕ್ಕವಿತ್ತು. ಗೇಟು ತೆರೆದರೆ ಮೊದಲು ಕಾಣುವುದು ಬೋಳಾದ ನಿಂಬೆ. ಆಮೇಲೆ ಗುಂಪಿನಲ್ಲಿ ಬರೆದದ್ದೆಲ್ಲ ತಾನಾಗಿ ಬಯಲಾಗುತ್ತದೆ. ತೆರೆಯದಿದ್ದರೆ ಗಂಡನ ಮೇಲೆ ಹಾಕಿ ಸುಮ್ಮನಿರಬಹುದು. ಹಿಂದಿನಿಂದ ಅತ್ತೆ, ಅನ್ನ ಸೀಯುತ್ತಿದೆ ನೋಡು ಎಂದರು. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು ಹೊರಗೆ ಬಂದು, ಗಂಡನನ್ನು ದಾಟಿ ಹೋಗಿ ಗೇಟಿನ ಚಿಲಕ ತೆಗೆದಳು.

"ಬನ್ನಿ," ಎಂದಳು.

ಆಕೆ ದಾರಿ ಕೇಳಲಿಲ್ಲ. ಮನೆಯ ಪಕ್ಕದ ಓಣಿಯಲ್ಲಿ, ಸಡಿಲವಾಗಿದ್ದ ಕಲ್ಲನ್ನು ನೋಡದೆಯೇ ದಾಟಿ, ಹಿತ್ತಲಿಗೆ ಹೋದಳು. ನಿಂಬೆಯ ಮುಂದೆ ಬಹಳ ಹೊತ್ತು ನಿಂತಳು. ಮುಚ್ಚಿದ ಗುಂಡಿ ಕುಸಿದು ತಗ್ಗಾಗಿತ್ತು. ಮಡಕೆಯ ಚೂರುಗಳನ್ನು ಗಂಡ ಗೋಡೆಗೆ ಒರಗಿಸಿಟ್ಟಿದ್ದ. ಆಕೆ ಏನೂ ಕೇಳಲಿಲ್ಲ. ಬೈದಿದ್ದರೆ ಉತ್ತರ ಹೇಳಬಹುದಿತ್ತು ಎಂದು ಅವಳಿಗೆ ಅನ್ನಿಸಿತು. ಎದೆಯಲ್ಲಿದ್ದದ್ದು ಬಾಯಿಗೆ ತಾನಾಗಿ ಬಂತು.

"ನಿಮ್ಮನ್ನ ಗುಂಪಿಂದ ತೆಗೆಸಿದ್ದು ನಾನೇ."

"ಗೊತ್ತು," ಎಂದಳು ಆಕೆ. "ನಾನಾಗಿದ್ರೂ ಹೆದರ್ತಿದ್ದೆ. ಹೆಸರು ಹೇಳ್ಬೇಕು ಅಂತ ಎಷ್ಟೋ ಸಲ ಬರೆದು ಅಳಿಸ್ದೆ. ಹೇಳಿದ್ರೆ ಫೋಟೊ ಹಾಕೋದು ನಿಲ್ಲಿಸ್ಬಿಡ್ತೀರೇನೋ ಅಂತ."

ಆಕೆ ತುದಿಯ ಕೊಂಬೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರಿಲ್ಲ, ಕಂದು. ಇನ್ನೂ ಕೆಳಗೆ ಕೆರೆದಳು, ಅಲ್ಲೂ ಕಂದು. ಕುಕ್ಕರುಗಾಲಿನಲ್ಲಿ ಕೂತು ಬುಡದ ಹತ್ತಿರ, ಗೇಣೆತ್ತರದಲ್ಲಿ ಕೆರೆದು, ಮುಖ ಹತ್ತಿರ ಒಯ್ದು ನೋಡಿ, ಗರಗಸ ಇದೆಯಾ ಎಂದು ಕೇಳಿದಳು. ಗಂಡ ತಂದುಕೊಟ್ಟ, ಕೊಟ್ಟು ಅಲ್ಲೇ ನಿಂತ. ಆಕೆ ಕೊಂಬೆಗಳನ್ನೆಲ್ಲ ಕೊಯ್ದು ಬುಡ ಮಾತ್ರ ಉಳಿಸಿದಳು. ಇನ್ನು ನೀರು ಸುರಿಯಬೇಡಿ, ಬೇರು ಕೊಳೆಯುತ್ತದೆ, ವಾರಕ್ಕೊಂದು ಚೊಂಬು ಸಾಕು ಎಂದಳು. ಬರಬಹುದು, ಬರದೆಯೂ ಇರಬಹುದು ಎಂದಳು. ಅತ್ತೆ ಮೆಟ್ಟಿಲ ಮೇಲೆ ತಂದಿಟ್ಟ ಚಹಾ ಕುಡಿದು, ಲೋಟ ತೊಳೆದಿಟ್ಟು, ಅಂಜೂರದ ಎಲೆಯೊಂದನ್ನು ಮುಟ್ಟಿ ಹೊರಟಳು. ಮತ್ತೆ ಬರುತ್ತೇನೆ ಎನ್ನಲಿಲ್ಲ. ಮತ್ತೆ ಬನ್ನಿ ಎಂದು ಇವಳು ಹೇಳುವಷ್ಟರಲ್ಲಿ ಗಂಡ ಗೇಟು ಹಾಕಿಯಾಗಿತ್ತು.

ಮಧ್ಯಾಹ್ನ ಅವಳು ಬೋಳು ಬುಡದ ಫೋಟೊ ತೆಗೆದು, ಹಿಂದಿನ ಗೋಡೆಯನ್ನೂ ಬಿಡದೆ, ನಡೆದದ್ದನ್ನೆಲ್ಲ ಕೆಳಗೆ ಬರೆದು ಗುಂಪಿಗೆ ಹಾಕಿದಳು. ಇರುವೆಯನ್ನು ಮತ್ತೆ ಸೇರಿಸಿ ಎಂದು ಅಡ್ಮಿನ್‌ಗೆ ಬರೆದಳು. ನೋಡೋಣ ಎಂದಷ್ಟೇ ಉತ್ತರ ಬಂತು.

ಊಟ ಮಾಡುವಾಗಲೂ ಗಂಡ, ಆ ಹೆಂಗಸು ಹೇಳಿದ್ದರಲ್ಲಿ ಎಷ್ಟು ನಿಜವೋ ಯಾರು ಕಂಡರು ಎನ್ನುತ್ತಲೇ ಇದ್ದ. ನಾಳೆ ವಕೀಲರನ್ನು ಒಂದು ಮಾತು ಕೇಳಬೇಕು ಎಂದ.

ಬಿಸಿಲು ಇಳಿದ ಮೇಲೆ, ಒಣಗಿದ ಬಟ್ಟೆ ತರಲು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಗಂಡ ನಿಂಬೆಯ ಬುಡದ ಹತ್ತಿರ ಕೂತಿದ್ದ. ಒಮ್ಮೆ ಪಕ್ಕದ ಮನೆಯ ಕಡೆ ನೋಡಿ, ಆಕೆ ಕೆರೆದ ಜಾಗದ ಪಕ್ಕದಲ್ಲಿ ತಾನೂ ಉಗುರಿನಿಂದ ಕೆರೆದ. ಹಸಿರಿದೆಯೇ ಎಂದು ಬಗ್ಗಿ ನೋಡಿದ. ಆಮೇಲೆ ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡು, ಹಾಗೇ ಕೂತಿದ್ದ.