ಪರದೆಗೆ ಹಾಕಿದ ಹೊಲಿಗೆ

ದೋಣಿವಿಹಾರದ ಕೆರೆಗೆ ಬಂದವರಿಗೆಲ್ಲ ಮ್ಯಾನೇಜರ್ ಆ ಕಿತ್ತಳೆ ಬಣ್ಣದ ತೇಲುಯಂತ್ರವನ್ನು ತೋರಿಸಿ ಹೇಳುತ್ತಿದ್ದರು: "ರೋಬೋಟ್ ಇದು. ಮುಳುಗೋರನ್ನ ತಾನೇ ಹುಡುಕ್ಕೊಂಡು ಹೋಗುತ್ತೆ. ಅವರು ಹಿಡಿ ಹಿಡ್ಕೊಂಡ್ರೆ ಸಾಕು, ದಡಕ್ಕೆ ತರುತ್ತೆ."

ಅದು ಹೋಗುತ್ತಿದ್ದುದು ಈಜಕ್ಕನ ಹೆಬ್ಬೆರಳು ಹೇಳಿದ ಕಡೆಗೆ. ಭುಜ ಕೈಕೊಡುವ ತನಕ ಅದೇ ಕೆರೆಗೆ ಹಾರಿ ಜನರನ್ನು ಎಳೆದು ತಂದವಳು, ಈಗ ದೋಣಿಮನೆಯ ಕಿಟಕಿಯ ಹಿಂದೆ ರಿಮೋಟ್ ಹಿಡಿದು ಕೂರುತ್ತಿದ್ದಳು. ಅವಳು ಕಂಡರೆ ರೋಬೋಟಿನ ಮರ್ಯಾದೆ ಹೋಗುತ್ತದೆಂದು ಮ್ಯಾನೇಜರ್ ಕಿಟಕಿಗೆ ಪರದೆ ಹಾಕಿಸಿದ್ದರು. ಬಲಗಡೆಯ ಸಂದಿಯಲ್ಲಿ ಕೆರೆಯ ಮುಕ್ಕಾಲು ಪಾಲು ಕಾಣುತ್ತಿತ್ತು. ಬಂಡೆಗಳಿದ್ದ ಎಡಮೂಲೆ ಕಾಣದೆ, ಅವಳು ಪರದೆಯಲ್ಲಿ ಅಂಗೈಯಗಲದ ಕಿಂಡಿ ಕತ್ತರಿಸಿಕೊಂಡಳು.

ಅದು ಮ್ಯಾನೇಜರ್ ಕಣ್ಣಿಗೆ ಬಿತ್ತು.

"ಏನಮ್ಮ ಇದು? ಕ್ಯಾಮೆರಾದೋರು ಬಂದಾಗ ಕಿಂಡೀಲಿ ನಿನ್ನ ಕಣ್ಣು ಕಂಡ್ರೆ?"

"ಕಣ್ಣು ಮುಚ್ಕೊಂಡು ನಡೆಸ್ಲಾ ಸರ್?"

"ಇಷ್ಟು ದಿನ ನಡೀತಿರ್ಲಿಲ್ವಾ?"

ಆವತ್ತೇ ವಾಚ್‌ಮನ್ ಸೂಜಿ ದಾರ ತಂದು ಕಿಂಡಿ ಹೊಲಿದ. "ಬೇಜಾರಾಗ್ಬೇಡ ಈಜಕ್ಕ, ದರ್ಜಿ ಕೆಲಸಾನೂ ನನ್ನ ತಲೆಗೇ ಕಟ್ಟಿದಾರೆ."

ಮುಂದಿನ ಭಾನುವಾರ ಎಡಮೂಲೆಯ ಬಂಡೆಯಿಂದ ಒಬ್ಬ ಜಾರಿ ಬಿದ್ದ. ಕೂಗು ಕೇಳಿ ಈಜಕ್ಕ ಯಂತ್ರವನ್ನು ಅತ್ತ ಓಡಿಸಿದಳು. ಆದರೆ ಅವನೆಲ್ಲಿದ್ದಾನೆಂದು ಕಾಣಲಿಲ್ಲ. ರಿಮೋಟ್ ಹಿಡಿದೇ ಹೊರಗೋಡಿ ಬರುವಷ್ಟರಲ್ಲಿ ಯಂತ್ರ ಅವನನ್ನು ದಾಟಿ ಹೋಗಿತ್ತು. ಹಿಂದಕ್ಕೆ ತಿರುಗಿಸಿದಳು. ನೀರ ಮೇಲೆ ಕೈ ಇರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ, ಯಂತ್ರ ಕೆಟ್ಟಿತ್ತೇ ಎಂದು ಕೇಳಿದರು.

"ಇಲ್ಲ ಸರ್," ಎಂದರು ಮ್ಯಾನೇಜರ್. "ಅದರದ್ದೇನು ತಪ್ಪು? ಮಕ್ಕಳ ರಿಮೋಟ್ ಕಾರ್ ಇದ್ದ ಹಾಗೆ. ಕೈ ಹೇಳಿದ ಕಡೆ ಹೋಗುತ್ತೆ, ಅಷ್ಟೆ."

"ರೋಬೋಟ್ ಅಂತ ಬೋರ್ಡ್ ಇದೆಯಲ್ಲ?"

"ಜನ ಬರ್ಲಿ ಅಂತ ಹಾಕ್ಸಿದ್ದು ಸರ್."

ಈಜಕ್ಕ ಬಾಯಿ ಬಿಟ್ಟಳು. "ಹಿಂದೊಮ್ಮೆ ಮುಳುಗ್ತಿದ್ದ ತಾಯಿ-ಮಗಳು ಇಬ್ಬರನ್ನೂ ಉಳಿಸಿದಾಗ ರೋಬೋಟ್ ಪಕ್ಕ ನಿಂತು ಫೋಟೋ ತೆಗೆಸ್ಕೊಂಡ್ರಲ್ಲ ಸರ್, ಆಗ ಈ ಕೈ ಎಲ್ಲಿತ್ತು?"

"ಹಳೇದೆಲ್ಲ ಈಗ್ಯಾಕೆ?"

ಅವಳು ಪರದೆಯ ಮಾತೆತ್ತಿದಳು. ಕಿಟಕಿಗೆ ಪರದೆ ಎಲ್ಲ ಕಡೆಯೂ ಇರುತ್ತದೆ ಎಂದು ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಸತ್ತವನ ಹೆಂಡತಿ ಮೂಲೆಯಲ್ಲಿ ಕೂತು ಈಜಕ್ಕನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಈಜಕ್ಕನ ಕೆಲಸ ಹೋಯಿತು. ತನ್ನ ಚೀಲ ತರಲು ದೋಣಿಮನೆಗೆ ಹೋದವಳು, ನಾಳೆ ಈ ಕುರ್ಚಿಗೆ ಬರುವವರು ಯಾರೋ ಏನೋ ಎಂದುಕೊಂಡು, ಹೊಲಿಗೆಯೊಳಗೆ ಬೆರಳು ತೂರಿಸಿ ಪರದೆಯನ್ನು ಮೇಲಿಂದ ಕೆಳಗಿನವರೆಗೆ ಹರಿದಳು. ಬಂಡೆ, ನೀರು, ಎಲ್ಲವೂ ಚೆನ್ನಾಗಿ ಕಂಡವು.

ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ತಲೆ ಕೆರೆದುಕೊಂಡ. "ಇದನ್ನ ಹೊಲಿಯಕ್ಕಾಗಲ್ಲ ಬಿಡು ಈಜಕ್ಕ."

"ಆಗಬಾರದು ಅಂತಲೇ."

"ನಿನಗೆ ಹೇಳಿಲ್ವಾ?" ಅವನು ನೆಲ ನೋಡಿದ. "ಬೆಳಿಗ್ಗೆನೇ ಹೊಸ ಪರದೆ ಬಂತು. ಇದಕ್ಕಿಂತ ದಪ್ಪ."