ಹಿಡಿದಿಟ್ಟ ಮನೆ

ಚಪ್ಪಲಿ, ಬೂಟು ಮಾರುವ ಆ ಕಂಪನಿಯ ಪ್ಲಾನಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಕ್ಯೂಬಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಮುಂದಿನ ವರ್ಷ ಯಾವ ಅಂಗಡಿಯಲ್ಲಿ, ಯಾವ ತಿಂಗಳು, ಎಂಥ ಜೋಡು ಎಷ್ಟು ಹೋದೀತು ಎಂಬ ಅಂದಾಜೆಲ್ಲ ಕೂತಿದ್ದ ಡೇಟಾಬೇಸಿಗೆ ಕ್ಯೂಬ್ ಎಂದು ಹೆಸರು. ಅದನ್ನು ಕಟ್ಟಿದವಳು, ಸಾಕಿದವಳು, ಅದಕ್ಕೆ ನೆಗಡಿಯಾದರೆ ಮದ್ದು ಅರೆಯುವವಳು ಇವಳು. ಹೊಸದಾಗಿ ಸೇರಿದವರು, “ಅಕ್ಕಾ, ಇದನ್ನೆಲ್ಲ ಎಕ್ಸೆಲ್‌ನಲ್ಲೇ ಮಾಡ್ಬಹುದಿತ್ತಲ್ವಾ?” ಎಂದರೆ ನಗುತ್ತಿದ್ದಳು.

“ಎಕ್ಸೆಲ್ ಹಾಳೆಗೆ ಉದ್ದ, ಅಗಲ ಎರಡೇ ಕಣೋ. ಇಲ್ಲಿ ಒಂದೊಂದು ಸಂಖ್ಯೆಗೂ ಅಷ್ಟುದ್ದ ವಿಳಾಸ. ಯಾವ ಅಂಗಡಿ, ಯಾವ ತಿಂಗಳು, ಯಾವ ಮಾಡೆಲ್ಲು, ಯಾವ ಸೈಜು, ಆಗಿದ್ದೋ ಆಗಬೇಕಾದ್ದೋ, ಯಾರು ಹೇಳಿದ ಅಂದಾಜು. ಯಾವ ಕಡೆಯಿಂದ ತಿರುಗಿಸಿ ನೋಡಿದ್ರೂ ಮೊತ್ತ ತಾಳೆ ಆಗ್ಬೇಕು.”

ಕ್ಯೂಬಿನಲ್ಲಿ ಸಂಖ್ಯೆ ಕೂರುವ ಒಂದೊಂದು ಚೌಕವನ್ನೂ ಅವಳು ಮನೆ ಎನ್ನುತ್ತಿದ್ದಳು. ಸಾಮಾನ್ಯವಾಗಿ ಕೆಳಗಿನ ಮನೆಗಳ ಸಂಖ್ಯೆ ಕೂಡಿ ಕೂಡಿ ಮೇಲಕ್ಕೆ ಹೋಗಬೇಕು: ಅಂಗಡಿಗಳು ಸೇರಿ ವಲಯ, ವಲಯಗಳು ಸೇರಿ ಕಂಪನಿ. ಆದರೆ ಉಲ್ಟಾ ನಡೆಸುವ ದಾರಿಯೂ ಇತ್ತು. ಎಲ್ಲಕ್ಕಿಂತ ಮೇಲಿನ ಮನೆಯಲ್ಲಿ ಒಂದು ಸಂಖ್ಯೆ ಒತ್ತಿದರೆ ಸಾಕು, ಅದು ಹೋದ ವರ್ಷದ ಮಾರಾಟದ ಪ್ರಮಾಣಕ್ಕೆ ತಕ್ಕಂತೆ ತಾನೇ ಹಂಚಿಕೊಂಡು ಕಟ್ಟಕಡೆಯ ಅಂಗಡಿಯ ಕಟ್ಟಕಡೆಯ ತಿಂಗಳವರೆಗೂ ಇಳಿದುಬಿಡುತ್ತಿತ್ತು.

ಆ ವರ್ಷ ವಿಭಾಗದ ಹೆಡ್ ಮೀಟಿಂಗ್ ಮುಗಿಸಿ ಬಂದವನೇ ಅವಳ ಟೇಬಲ್ಲಿನ ಅಂಚಿಗೆ ಒರಗಿ ನಿಂತ.

“ಹದಿನೆಂಟು ಪರ್ಸೆಂಟ್ ಜಾಸ್ತಿ ಅಂತ ಹೇಳಿದ್ದಾರೆ. ಮೇಲಿಂದ ಹಾಕಿಬಿಡು.”

“ಸರ್, ನಮ್ಮ ಅಂದಾಜು ನಾಲ್ಕು ದಾಟ್ತಾ ಇಲ್ಲ.”

“ಅಂದಾಜು ನಿಂದು, ಕಂಪನಿ ಅವರದು,” ಎಂದು ಹೊರಟುಹೋದ.

ಅವಳು ಹಾಕಿದಳು. ಸಂಖ್ಯೆ ಇಳಿಯಿತು. ಇಳಿದ ಮೇಲೆ, ಯಾರೂ ಹೇಳದಿದ್ದರೂ, ಪುಟ್ಟಿಯ ಅಂಗಡಿಯ ಮನೆಯನ್ನು ತೆರೆದು ನೋಡಿದಳು.

ಪುಟ್ಟಿ ಅವಳ ನಾದಿನಿ, ಗಂಡನ ಬೆನ್ನಿಗೆ ಬಿದ್ದ ತಂಗಿ. ತಲೆಯಲ್ಲಿ ಒಂದೆರಡು ಬಿಳಿಕೂದಲು ಇಣುಕಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಮದುವೆ ಎಂಬುದು ಆಗಿ, ಹೋಗಿ, ಈಗ ಅಣ್ಣ ಅತ್ತಿಗೆಯ ಜೊತೆಗೇ ಇದ್ದಳು. ಬಾಯಿ ಜೋರು, ಕೈ ಚುರುಕು. ಬಸ್ಸಿನಲ್ಲಿ ಒಂದು ಗಂಟೆಯ ದೂರದ ಸಣ್ಣ ಪಟ್ಟಣದ ಅಂಗಡಿಗೆ ಮ್ಯಾನೇಜರ್ ಆಗಿದ್ದಳು. ಹೋದ ವರ್ಷ ಆ ಪಟ್ಟಣದ ದೊಡ್ಡ ಶಾಲೆ ಕಪ್ಪು ಬೂಟು ಬಿಟ್ಟು ಕಂದು ಬೂಟಿಗೆ ಬದಲಾಯಿಸಿತ್ತು. ಒಂದೇ ಸಲಕ್ಕೆ ಮಕ್ಕಳೆಲ್ಲ ಹೊಸ ಬೂಟು ಕೊಂಡರು. ಪುಟ್ಟಿಗೆ ಶಹಬ್ಬಾಸ್‌ಗಿರಿ ಸಿಕ್ಕಿತು, ಗೋಡೆಗೆ ಒಂದು ಫಲಕವೂ ಬಂತು. ಆದರೆ ಶಾಲೆ ವರ್ಷವರ್ಷವೂ ಬಣ್ಣ ಬದಲಾಯಿಸುವುದಿಲ್ಲ ಎಂಬುದು ಕ್ಯೂಬಿಗೆ ಹೇಗೆ ಗೊತ್ತಾಗಬೇಕು? ಅದು ಹೋದ ವರ್ಷದ ಉಬ್ಬಿದ ಸಂಖ್ಯೆಯ ಮೇಲೆ ಇನ್ನಷ್ಟು ಹೇರಿತ್ತು. ಎರಡು ತ್ರೈಮಾಸಿಕ ಗುರಿ ತಪ್ಪಿದ ಅಂಗಡಿ ಕೆಂಪು ಪಟ್ಟಿಗೆ ಬೀಳುತ್ತದೆ, ಕೆಂಪಿಗೆ ಬಿದ್ದದ್ದು ಮುಚ್ಚುತ್ತದೆ ಎಂಬುದು ಕಂಪನಿಯಲ್ಲಿ ಕಾವಲುಗಾರನಿಗೂ ತಿಳಿದಿತ್ತು.

ಅವಳು ಹೆಡ್ ಬಳಿ ಹೋಗಿ ಶಾಲೆಯ ಕಥೆ ಹೇಳಿದಳು. ಅವನು ಕೇಳಿಸಿಕೊಂಡ. “ಸರಿ, ಆದ್ರೆ ವಲಯದ ಮೊತ್ತ ಇಳೀಬಾರ್ದು. ಒಳಗೆ ಏನು ಬೇಕಾದ್ರೂ ಮಾಡ್ಕೊ,” ಎಂದ.

ಒಳಗೆ ಮಾಡಿಕೊಳ್ಳುವುದಕ್ಕೆ ಇದ್ದದ್ದು ಹೋಲ್ಡ್. ಒಂದು ಮನೆಗೆ ಹೋಲ್ಡ್ ಹಾಕಿ ಹಿಡಿದಿಟ್ಟರೆ ಮೇಲಿನಿಂದ ಎಷ್ಟು ಸುರಿದರೂ ಅದು ಅಲುಗುವುದಿಲ್ಲ, ಅದರ ಪಾಲು ಅಕ್ಕಪಕ್ಕದ ಮನೆಗಳಿಗೆ ಹರಿದುಹೋಗುತ್ತದೆ. ಅವಳು ಪುಟ್ಟಿಯ ಅಂಗಡಿಗೆ ನ್ಯಾಯವಾದ ಸಂಖ್ಯೆ ಹಾಕಿ ಹಿಡಿದಿಟ್ಟಳು. ವಲಯದಲ್ಲಿ ಇನ್ನೂ ಹತ್ತಾರು ಅಂಗಡಿಗಳಿವೆ, ಒಬ್ಬೊಬ್ಬರಿಗೆ ಒಂದೊಂದು ಚಿಟಿಕೆ ಬಿದ್ದೀತು, ಯಾರಿಗೂ ಭಾರವಾಗಲಿಕ್ಕಿಲ್ಲ ಎಂದುಕೊಂಡು ಮತ್ತೊಮ್ಮೆ ಹಂಚಲು ಒತ್ತಿದಳು. ಮೊತ್ತ ತಾಳೆಯಾಯಿತು. ಚಿಟಿಕೆ ಎಲ್ಲೆಲ್ಲಿ ಬಿತ್ತು ಎಂದು ಅವಳು ನೋಡಲಿಲ್ಲ. ಎಷ್ಟೋ ವರ್ಷಗಳಲ್ಲಿ ಅವಳು ನೋಡದೆ ಬಿಟ್ಟದ್ದು ಅದೊಂದೇ ಸಲ.

ಗುರಿಗಳು ಅಂಗಡಿಗಳಿಗೆ ಹೋದ ದಿನ ಪುಟ್ಟಿ ಊಟಕ್ಕೆ ಕೂತು ನಗತೊಡಗಿದಳು.

“ಅತ್ತಿಗೆ, ನಮ್ಮ ದೊಡ್ಡಪ್ಪ ಫೋನ್ ಮಾಡಿದ್ರು. ‘ನಮ್ಮೂರಿನೋರಿಗೆಲ್ಲ ಮೂರು ಮೂರು ಕಾಲು ಬಂದ್ರೂ ಇಷ್ಟು ಜೋಡು ಮಾರೋಕಾಗಲ್ಲ ಕಣಮ್ಮ’ ಅಂತಾರೆ. ಎಲ್ಲೋ ಸೊನ್ನೆ ಜಾಸ್ತಿ ಬಿದ್ದಿದೆ ಅಂದ್ಕೊಂಡಿದ್ದಾರೆ ಪಾಪ.”

ದೊಡ್ಡಪ್ಪ ಯಾರಿಗೂ ನಿಜವಾದ ದೊಡ್ಡಪ್ಪನಲ್ಲ. ಪಕ್ಕದ ಪಟ್ಟಣದ ಅಂಗಡಿಯ ಮುದಿ ಮ್ಯಾನೇಜರ್. ಪುಟ್ಟಿ ಗಂಡನ ಮನೆ ಬಿಟ್ಟು ಬಂದು, ಜನರ ಮುಖ ನೋಡಲಾಗದೆ ಕುಗ್ಗಿ ಕೂತಿದ್ದಾಗ ಅವಳಿಗೆ ಕೆಲಸ ಕೊಟ್ಟವನು. ಗಿರಾಕಿಯ ಕಾಲ ಬಳಿ ಕೂತು ತಲೆಯೆತ್ತಿ ಮಾತಾಡುವುದು ಹೇಗೆಂದು ಕಲಿಸಿದವನು ಅವನೇ.

ಕ್ಯೂಬಕ್ಕ ತಟ್ಟೆ ಬಿಟ್ಟು ಎದ್ದಳು. ಮರುದಿನ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಆ ವಲಯವನ್ನು ಬಿಡಿಸಿ ನೋಡಿದಳು. ಪುಟ್ಟಿಯದೊಂದೇ ಅಲ್ಲ, ಹೆಚ್ಚುಕಡಿಮೆ ಎಲ್ಲ ಮನೆಗಳೂ ಹಿಡಿದಿಟ್ಟ ಮನೆಗಳೇ. ವಲಯದ ಮ್ಯಾನೇಜರ್ ಮೊದಲೇ ಕೂತು ತನ್ನ ಭಾವಮೈದುನನ ಅಂಗಡಿಗೆ, ತನಗೆ ಬೇಕಾದವರ ಅಂಗಡಿಗೆ, ತಾನು ಹೆದರುವವರ ಅಂಗಡಿಗೆ, ಒಂದೊಂದಕ್ಕೂ ಹೋಲ್ಡ್ ಹಾಕಿದ್ದ. ಹಾಕಿಸಿಕೊಳ್ಳಲು ಯಾರೂ ಇಲ್ಲದಿದ್ದವನು ದೊಡ್ಡಪ್ಪ ಒಬ್ಬನೇ. ಅವಳು ಚಿಟಿಕೆ ಚಿಟಿಕೆ ಎಂದುಕೊಂಡದ್ದೆಲ್ಲ ಇಡಿಯಾಗಿ ಅವನ ತಲೆಯ ಮೇಲೆ ಬಿದ್ದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎನ್ನುತ್ತಾರೆ, ಬರೆಯ ಕಬ್ಬಿಣ ಈಗ ಅವಳ ಕೈಯಲ್ಲಿತ್ತು.

“ಪ್ಲಾನ್ ಲಾಕ್ ಆಗಿದೆಯಮ್ಮ,” ಎಂದ ಹೆಡ್. “ಮೇಲಿನವರು ಒಪ್ಪಿಯೂ ಆಯ್ತು. ಈಗ ಬಿಚ್ಚಿದ್ರೆ ಯಾಕೆ ಬಿಚ್ಚಿದ್ರಿ ಅಂತಾರೆ. ಆಮೇಲೆ ಯಾರ ಅಂಗಡಿಗೆ ಯಾಕೆ ಹೋಲ್ಡ್ ಹಾಕಿದ್ರಿ ಅಂತಾನೂ ಕೇಳ್ತಾರೆ. ನಿಂಗೆ ಬೇಕಾ ಅದೆಲ್ಲ?”

ಪುಟ್ಟಿ ಅವಳ ನಾದಿನಿ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಯ್ಯಲಿಲ್ಲ ಎಂಬುದೇ ಅವಳಿಗೆ ಬಯ್ಗುಳಕ್ಕಿಂತ ಹೆಚ್ಚು ಚುಚ್ಚಿತು. ಅಂದು ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತೋ. ಅವಳು ಬಿಡಲಿಲ್ಲ. ಪುಟ್ಟಿಯ ಅಂಗಡಿ ಉಳಿಯಲಿ ಎಂದು ಬಿಡಲಿಲ್ಲವೋ, ತನ್ನ ಕೆಲಸ ಉಳಿಯಲಿ ಎಂದೋ, ಅವಳಿಗೇ ವಿಂಗಡಿಸಲಾಗಲಿಲ್ಲ. ಗಂಡನಿಗೆ ಹೇಳಿದಾಗ ಅವನು, “ಮನೆ ಹುಡುಗೀನ ಉಳಿಸಿದ್ದೀಯ, ಅದ್ರಲ್ಲಿ ತಪ್ಪೇನು?” ಎಂದು ಮಗ್ಗುಲು ಬದಲಿಸಿದ.

ದೊಡ್ಡಪ್ಪ ಸುಮ್ಮನೆ ಕೈಕಟ್ಟಿ ಕೂರುವ ಆಸಾಮಿಯಲ್ಲ. ಕಾರ್ಖಾನೆಗಳ ಗೇಟಿನ ಮುಂದೆ ಚೀಲ ಹೊತ್ತು ನಿಂತ. ಆಸ್ಪತ್ರೆಯ ದಾದಿಯರಿಗೆ ಸದ್ದಾಗದ ಚಪ್ಪಲಿ ತೋರಿಸಿದ. ಭಾನುವಾರಗಳಲ್ಲೂ ಬಾಗಿಲು ತೆರೆದ. ಹೋದ ವರ್ಷಕ್ಕಿಂತ ಹೆಚ್ಚೇ ಮಾರಿದ. ಕ್ಯೂಬಿನ ತೆರೆಯಲ್ಲಿ ಮಾತ್ರ ಅವನ ಮನೆ ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಪ್ರತಿ ಸೋಮವಾರ ಆ ಬಣ್ಣವನ್ನು ಮೇಲಿನವರಿಗೆ ಕಳಿಸುವ ಕೆಲಸವೂ ಅವಳದೇ. ವರ್ಷ ಮುಗಿಯುವ ಮೊದಲೇ ಅಂಗಡಿ ಮುಚ್ಚಿದರು. ದೊಡ್ಡಪ್ಪನನ್ನು ಗೋದಾಮಿಗೆ, ಪೆಟ್ಟಿಗೆ ಇಳಿಸುವ ಕೆಲಸಕ್ಕೆ ಹಾಕಿದರು. ಬೇಕಾದರೆ ಮಾಡು, ಬೇಡವಾದರೆ ಬಿಡು ಎಂಬಂತೆ. ಅವನು ಮಾಡಿದ.

ಪುಟ್ಟಿ ದಡ್ಡಿಯಲ್ಲ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ಅತ್ತಿಗೆ, ಶಾಲೆ ಬೂಟಿನ ವಿಷಯ ತಲೇಲಿ ಇಟ್ಕೊಂಡು ನನ್ನ ಗುರಿ ಹಾಕಿದ್ರಲ್ಲ, ಅಷ್ಟು ಬುದ್ಧಿ ಆ ಮಷೀನಿಗೆ ಎಲ್ಲಿಂದ ಬಂತು?”

ಕ್ಯೂಬಕ್ಕ ಸುಳ್ಳು ಹೇಳಬಹುದಿತ್ತು, ಆದರೆ ಬರಲಿಲ್ಲ. ಒಲೆ ಆರಿಸಿ, ನಡೆದದ್ದನ್ನೆಲ್ಲ ಹೇಳಿದಳು.

“ನಾನು ಕೇಳಿದ್ನಾ ನಿಮ್ಮನ್ನ?” ಪುಟ್ಟಿಯ ದನಿ ಏರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. “ನನ್ನ ಅನ್ನದ ತಟ್ಟೆಗೆ ಅವರ ತಟ್ಟೆಯಿಂದ ತೆಗೆದು ಹಾಕಿ ಅಂತ ಕೇಳಿದ್ನಾ?”

“ಅವರ ಮೇಲೆ ಬೀಳುತ್ತೆ ಅಂತ ಗೊತ್ತಿರ್ಲಿಲ್ಲ ಪುಟ್ಟಿ.”

“ಯಾರೋ ಒಬ್ಬರ ಮೇಲೆ ಬೀಳುತ್ತೆ ಅಂತ ಗೊತ್ತಿತ್ತಲ್ಲ.”

ಪುಟ್ಟಿ ಆ ವಾರವೇ ಹೋಗಿ ದೊಡ್ಡಪ್ಪನಿಗೆ ಎಲ್ಲ ಹೇಳಿ ಬಂದಳು. ಭಾನುವಾರ ಅವನೇ ಮನೆಗೆ ಬಂದ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡಿದ್ದ, ಕುರ್ಚಿಯಲ್ಲಿ ಕೂರಲು ಎರಡು ಕೈಯೂರಿದ. ಜಗಳಕ್ಕೆ ಬಂದವನಂತೆ ಕಾಣಲಿಲ್ಲ.

“ಅದು ಹೇಗೆ ಆಗುತ್ತಮ್ಮ? ಸ್ವಲ್ಪ ಬಿಡಿಸಿ ಹೇಳು,” ಎಂದ.

ಅವಳು ಮೇಜಿನ ಮೇಲೆ ಲೋಟಗಳನ್ನು ಸಾಲಾಗಿಟ್ಟು, ಒಂದೊಂದರ ಬಾಯಿಗೂ ತಟ್ಟೆ ಮುಚ್ಚಿ, ಕೊನೆಯ ಒಂದನ್ನು ಮಾತ್ರ ತೆರೆದಿಟ್ಟು ವಿವರಿಸಿದಳು. ಅವನು ಆ ತೆರೆದ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡ.

“ಪುಟ್ಟಿ ಸತ್ಯ ಹೇಳ್ಬೇಕು ಅಂತ ಹೇಳಿದ್ಲು. ನೀನೂ ಸತ್ಯ ಹೇಳ್ದೆ. ಒಳ್ಳೇದು,” ಎಂದ. “ಆದ್ರೆ ಇಷ್ಟು ದಿನ ನಾನು, ಹೊಳೆ ಬಂತು, ಕೊಚ್ಕೊಂಡು ಹೋಯ್ತು, ಹೊಳೆ ಮೇಲೆ ಯಾರು ಸಿಟ್ಟು ಮಾಡ್ಕೊಳ್ತಾರೆ ಅಂತ ಇದ್ದೆ. ಕಣ್ಣು ಮುಚ್ಚಿದ್ರೆ ನಿದ್ದೆ ಬರ್ತಿತ್ತು. ಈಗ ಅದಕ್ಕೊಂದು ಮುಖ ಬಂತು. ಅದೂ ನಮ್ಮ ಹುಡುಗಿ ಅತ್ತಿಗೆ ಮುಖ. ಇದನ್ನ ಇಟ್ಕೊಂಡು ನಾನೇನು ಮಾಡ್ಲಿ ಹೇಳು?”

“ಬಯ್ಯಿರಿ ದೊಡ್ಡಪ್ಪಾ.”

“ಬಯ್ಯೋಕೆ ಶಕ್ತಿ ಬೇಕಮ್ಮ.”

ಅವನು ಎದ್ದು ಹೋದ. ಬಾಗಿಲವರೆಗೆ ಕೈಹಿಡಿದು ಬಿಡಲು ಹೋದ ಪುಟ್ಟಿಯ ಕೈಯನ್ನೂ ಮೆಲ್ಲಗೆ ಬಿಡಿಸಿಕೊಂಡ. ಅದನ್ನು ಕಂಡು ಪುಟ್ಟಿ ಅತ್ತಳು. ಮುಂದಿನ ತಿಂಗಳು ತನ್ನ ಅಂಗಡಿಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು ಹೊರಟಳು. ಅಣ್ಣ ತಡೆಯಲು ನೋಡಿದ. “ಅಲ್ಲಿಂದ ಕೆಲಸಕ್ಕೆ ಹತ್ತಿರ,” ಎಂದಷ್ಟೇ ಹೇಳಿದಳು.

ಮತ್ತೆ ಪ್ಲಾನಿನ ಕಾಲ ಬಂತು. ಈ ಸಲ ಮೇಲಿನವರು ಸಂಖ್ಯೆ ಹೇಳಿ ಸುಮ್ಮನಾಗಲಿಲ್ಲ. ದೊಡ್ಡಪ್ಪನ ಅಂಗಡಿ ಹೋದ ಮೇಲೆ ಆ ವಲಯದ ಮೊತ್ತ ಖರ್ಚಿಗೂ ಸಾಲುತ್ತಿರಲಿಲ್ಲ. ಹಿಡಿದಿಟ್ಟ ಮನೆಗಳೆಲ್ಲ ಸೇರಿದರೂ ಅವನೊಬ್ಬನ ಮಾರಾಟ ತುಂಬಿಕೊಡಲಾಗಲಿಲ್ಲ. ಸಣ್ಣ ಪಟ್ಟಣಗಳ ಆ ವಲಯವನ್ನೇ ಕೈಬಿಡುವುದೆಂದು ತೀರ್ಮಾನವಾಯಿತು. ವಲಯದ ಮ್ಯಾನೇಜರನಿಗೆ ಬೇರೆ ಕಡೆ ಬಡ್ತಿ ಸಿಕ್ಕಿತು.

ಕ್ಯೂಬಿನಿಂದ ಅಂಗಡಿಯನ್ನು ಅಳಿಸುವಂತಿಲ್ಲ. ಅಳಿಸಿದರೆ ಹಳೆಯ ವರ್ಷಗಳ ಮೊತ್ತ ಕೆಡುತ್ತದೆ. ಅದಕ್ಕಾಗಿ ಅವಳೇ ಹಿಂದೊಮ್ಮೆ ‘ಮುಚ್ಚಿದವು’ ಎಂಬ ಗುಂಪು ಮಾಡಿಟ್ಟಿದ್ದಳು. ಅಂಗಡಿಗಳನ್ನು ಒಂದೊಂದಾಗಿ ಎಳೆದು ಅದರಡಿಗೆ ಬಿಡತೊಡಗಿದಳು. ಪುಟ್ಟಿಯದು ಹೋಗಿ ದೊಡ್ಡಪ್ಪನದರ ಕೆಳಗೆ ಕೂತಿತು. ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಒಯ್ದಳು.

ಕೆಲಸ ಹೋದ ಮೇಲೆ ಬಾಡಿಗೆ ಕಟ್ಟುವುದು ಎಲ್ಲಿಂದ? ಪುಟ್ಟಿ ಎರಡು ಚೀಲ, ಒಂದು ಹಾಸಿಗೆಯೊಂದಿಗೆ ತನ್ನ ಹಳೆಯ ಕೋಣೆಗೇ ಬಂದಳು. ಈಗ ಅದೇ ಮನೆ, ಅದೇ ಇಬ್ಬರು. ಕ್ಯೂಬಕ್ಕ ಬೆಳಿಗ್ಗೆ ಆಫೀಸಿಗೆ ಹೊರಡುವವರೆಗೆ ಪುಟ್ಟಿ ಕೋಣೆಯಿಂದ ಹೊರಬರುವುದಿಲ್ಲ. ಸಂಜೆ ಬಂದರೆ ಪಾತ್ರೆಗಳೆಲ್ಲ ತೊಳೆದಿರುತ್ತವೆ, ಬಟ್ಟೆ ಮಡಿಸಿರುತ್ತದೆ. ಬಿಟ್ಟಿ ಅನ್ನ ತಿನ್ನಬಾರದೆಂಬ ಹಟ. “ಪುಟ್ಟೀ, ಒಂದು ಮಾತು ಬಯ್ದುಬಿಡೇ,” ಎಂದು ಒಮ್ಮೆ ಬಾಗಿಲ ಹೊರಗೆ ನಿಂತು ಕೇಳಿದಳು. ಒಳಗಿನಿಂದ ದನಿ ಬಂತು.

“ಟ್ಯಾಂಕಿಗೆ ನೀರು ತುಂಬಿರ್ಬೇಕು ಅತ್ತಿಗೆ. ಮೋಟರ್ ಆಫ್ ಮಾಡಿ.”

ಅವಳು ಹೋಗಿ ಆಫ್ ಮಾಡಿದಳು.